ಎದೆ ಗಟ್ಟಿ ಮಾಡಿಕೊಂಡವರು

ಮದುವೆಯಾಗಿ ಮಂಚೇನಹಳ್ಳಿಯಿಂದ ಗೌರಿಬಿದನೂರಿಗೆ ಬಂದ ಮೂರನೆಯ ಬೆಳಿಗ್ಗೆ, ನಮ್ಮ ಯಜಮಾನರು ನಡುಮನೆಯಲ್ಲಿ ದಂಡ ಹೊಡೆಯುವುದನ್ನು ಕಂಡೆ. ಎರಡು ಇಟ್ಟಿಗೆಗಳ ಮೇಲೆ ಅಂಗೈ ಊರಿ, ಎದೆ ನೆಲಕ್ಕೆ ತಾಗುವಷ್ಟು ಇಳಿದು ಮೇಲೇಳುತ್ತಿದ್ದರು. ಮಿಡ್ಲ್ ಸ್ಕೂಲ್ ಮೇಷ್ಟ್ರು, ಕನ್ನಡಕದವರು. ನನಗೆ ನಗು ತಡೆಯಲಾಗಲಿಲ್ಲ.

ದಂಡ ಮುಗಿದ ಮೇಲೆ ರುಬ್ಬುವ ಕಲ್ಲಿನ ಗುಂಡು. ಅಂಗಾತ ಮಲಗಿ, ಅದನ್ನು ಎದೆಯಿಂದ ಮೇಲಕ್ಕೆತ್ತಿ ಇಳಿಸುತ್ತಿದ್ದರು.

"ರೀ, ಹಿಟ್ಟು ರುಬ್ಬಬೇಕು, ಗುಂಡು ಕೊಡ್ರೀ."

"ಇನ್ನೈದು ಸಲ, ಇರೇ."

ನಮ್ಮತ್ತೆ ಮಾತ್ರ ಒಂದು ದಿನವೂ ಅಲ್ಲಿ ನಿಲ್ಲುತ್ತಿರಲಿಲ್ಲ. ಮಗ ಪಂಚೆ ಎತ್ತಿ ಕಟ್ಟಿದ ಕೂಡಲೇ ಕೊಡ ಹಿಡಿದು ಬಾವಿಗೆ ಹೊರಟುಬಿಡುವರು. ತಮ್ಮದೇ ದೃಷ್ಟಿ ತಾಗೀತೆಂಬ ಭಯವಿರಬೇಕು ಎಂದುಕೊಂಡಿದ್ದೆ.

ಎರಡು ವರ್ಷದಲ್ಲಿ ಅವರ ಎದೆ ಹರವಾಯಿತು, ಅಂಗಿಯ ಗುಂಡಿ ಕೂಡದಾಯಿತು. ಹೊಲಿಗೆ ಬಿಚ್ಚಿ ಅಗಲ ಮಾಡಿಕೊಡುವಾಗ ನನಗೆ ಒಳಗೊಳಗೇ ಹೆಮ್ಮೆ.

ಆ ಚಳಿಗಾಲ ಅವರಿಗೆ ಕೆಮ್ಮು ಹಿಡಿಯಿತು. ಎರಡು ವಾರವಾದರೂ ಬಿಡಲಿಲ್ಲ. ಅವರೇ ತಮ್ಮ ತಟ್ಟೆ ಬೇರೆ ಇಟ್ಟುಕೊಂಡರು, ಹಾಸಿಗೆ ಜಗಲಿಗೆ ಒಯ್ದರು. ಬರೀ ಕೆಮ್ಮಿಗೆ ಇಷ್ಟೇಕೆ ಎಂದು ಅತ್ತೆಯನ್ನು ಕೇಳಿದೆ.

"ನಿನ್ಗೆ ಹೇಳಿಲ್ವೇನಮ್ಮ ಅವ್ನು? ದೊಡ್ಡೋನು, ಇವ್ನ ಅಣ್ಣ, ಹಿಂಗೇ ಕೆಮ್ಮಿ ಕೆಮ್ಮಿ ಹೋದ. ಕ್ಷಯ. ತಿಥಿ ಮುಗಿದ ಮಾರನೇ ದಿನಾನೇ ಇವ್ನು ಇಟ್ಟಿಗೆ ತಂದ್ಕೊಂಡ. ಅಂಗಿ ಬಿಚ್ಚಿದ್ರೆ ಬೆನ್ನು ಥೇಟ್ ದೊಡ್ಡೋನ್ದೇ. ನನ್ಗೆ ನೋಡಕ್ಕಾಗಲ್ಲ."

ಮರುದಿನವೇ ಅವರನ್ನು ಹೊರಡಿಸಿಕೊಂಡು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋದೆ. ಕಫದ ಪರೀಕ್ಷೆಗೆಂದು ಎರಡು ಸಲ ಓಡಾಡಿದೆವು. ಕೊನೆಗೆ ಡಾಕ್ಟರು, "ಏನೂ ಇಲ್ಲ ಮೇಷ್ಟ್ರೇ, ಬರೀ ಶೀತ" ಎಂದರು.

"ದಂಡ ಹೊಡೆದಿದ್ದಕ್ಕೇ ತಾನೆ ನನ್ಗೆ ಬರ್ಲಿಲ್ಲ?"

"ಆ ಕಾಯಿಲೆ ಪೈಲ್ವಾನ್ರಿಗೂ ಬರುತ್ತೆ. ಮೈಗೆ ಒಳ್ಳೇದು, ಮಾಡಿ. ಆದ್ರೆ ಅದನ್ನೇ ನಂಬ್ಕೊಂಡಿರಬೇಡಿ."

ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತರು. ಕಾಯಿಲೆಯಿಲ್ಲ ಎಂಬ ಸಂತೋಷ ಮುಖದಲ್ಲಿರಲಿಲ್ಲ. ಆಮೇಲೆ ನನ್ನತ್ತ ನೋಡದೆ ಹೇಳಿದರು: "ಅಣ್ಣನ ಕೋಣೆಗೆ ನಾನು ಹೋಗ್ತಿರ್ಲಿಲ್ಲ ಕಣೇ. ಗಂಜಿ ಲೋಟಾನ ಬಾಗಿಲ ಹೊರಗೆ ನಿಂತು ಕೋಲಲ್ಲಿ ತಳ್ತಿದ್ದೆ. ಅವ್ನು ನೋಡಿ ನಗೋನು."

ಬಸ್ಸು ಬಂತು, ಹತ್ತಿದೆವು.

ದಂಡವನ್ನು ಅವರು ಬಿಡಲಿಲ್ಲ, ಆದರೆ ಎಣಿಸುವುದನ್ನು ಬಿಟ್ಟರು. ನಾಲ್ಕೈದು ವರ್ಷದ ಮೇಲೆ, ಅವರೊಂದಿಗೆ ಕೆಲಸ ಮಾಡಿದ್ದ ಮೇಷ್ಟ್ರೊಬ್ಬರು ಚಿಂತಾಮಣಿಯಲ್ಲಿ ಅದೇ ಕಾಯಿಲೆಯಿಂದ ಮಲಗಿದರು. ಹೋಗಿ ನೋಡುವವರಿರಲಿಲ್ಲ. ಇವರು ಭಾನುವಾರ ತಪ್ಪದೆ ಹೋಗಿ ಮಂಚದ ಪಕ್ಕ ಕೂತು ಗಂಜಿ ಕುಡಿಸಿ ಬರತೊಡಗಿದರು. ಮನೆಯಲ್ಲಿ ಸಣ್ಣ ಮಕ್ಕಳು, ನನಗೆ ಭಯ. ಒಂದು ದಿನ ಬಾಗಿಲಲ್ಲಿ ಅಡ್ಡ ನಿಂತೇಬಿಟ್ಟೆ.

"ಹೆದರಿಕೆ ನನ್ಗೂ ಇದೆ ಕಣೇ" ಎಂದು ಹೇಳಿ, ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು.