ಮೂಸದ ಹೂವು

ಯೋಕೋಹಾಮಾದ ನಮ್ಮ ಪಕ್ಕದ ಮನೆಯ ಅಜ್ಜಿ ಆಸ್ಪತ್ರೆ ಸೇರುವಾಗ ಎರಡು ಕುಂಡ ನನ್ನ ಬಾಲ್ಕನಿಯಲ್ಲಿಟ್ಟು ಹೋದರು. ಎರಡರಲ್ಲೂ ಸುಮಿರೆ, ಅಂದರೆ ವಯೊಲೆಟ್. ಒಂದೇ ಥರದ ಎಲೆ, ಒಂದೇ ನೇರಳೆ ಬಣ್ಣ. ಎಡಗಡೆಯದು ಮಾತ್ರ ಹಳೆಯ ಸುವಾಸನೆಯ ತಳಿ. ಅಜ್ಜಿಯ ತೀರಿಹೋದ ಗಂಡ ಮದುವೆಯಾದ ಹೊಸದರಲ್ಲಿ ಬಂದರಿನ ಯಾವನೋ ನಾವಿಕನನ್ನು ಕಾಡಿಬೇಡಿ ತಂದದ್ದಂತೆ. ಅದು ಬೀಜ ಕಟ್ಟುವುದಿಲ್ಲ. ಆ ಕುಂಡ ಹೋದರೆ ತಳಿಯೂ ಹೋದಂತೆ.

ಆಗ ಇಸವಿ ಎರಡು ಸಾವಿರದ ವೈಟುಕೆ ಗಲಾಟೆ ಮುಗಿದು ಎರಡು ತಿಂಗಳು. ಪ್ರಪಂಚದ ಕಂಪ್ಯೂಟರುಗಳನ್ನೆಲ್ಲ ತಾನೇ ಉಳಿಸಿದೆನೆಂಬ ಗತ್ತಿನಲ್ಲಿ ನನ್ನ ಗಂಡ ಟೋಕಿಯೊ ರೈಲು ಹತ್ತುತ್ತಿದ್ದ. ನನಗಿದ್ದ ಚಿಂತೆ ಪೂಜೆಯ ಹೂವಿನದು. ಆ ದೇಶದಲ್ಲಿ ಒಂದು ಸೇವಂತಿಗೆ ಕೊಳ್ಳುವಷ್ಟರಲ್ಲಿ ದೇವರ ಮೇಲಿನ ಭಕ್ತಿಯೇ ಇಳಿದುಹೋಗುತ್ತಿತ್ತು. ಹೀಗಿರುವಾಗ ಬಾಲ್ಕನಿಗೇ ಹೂವು ಬಂದರೆ ಬಿಡುತ್ತೇನೆಯೇ? ಮೂರು ವಾರ ದಿನಾ ಬೆಳಿಗ್ಗೆ ಎರಡೂ ಕುಂಡ ಬೋಳಿಸಿ ಗಣಪತಿಗೆ ಏರಿಸಿದೆ. ಶುಕ್ರವಾರ ಬಾಲ್ಕನಿ ತೊಳೆಯುವಾಗ ಕುಂಡಗಳನ್ನು ಎತ್ತಿ ಹೇಗೆಂದರೆ ಹಾಗೆ ಇಟ್ಟೆ.

ಅಜ್ಜಿ ಬಂದರು. ಜ್ವರಕ್ಕೆ ಅವರ ಮೂಗು ಕೈಕೊಟ್ಟಿತ್ತು, ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಮಗಳು ಅವರನ್ನು ಒಸಾಕಾಗೆ ಕರೆದೊಯ್ಯಲು ಕೆಳಗೆ ಟ್ಯಾಕ್ಸಿ ನಿಲ್ಲಿಸಿಕೊಂಡಿದ್ದಳು. ಅಲ್ಲಿನ ಪುಟ್ಟ ಮನೆಗೆ ಒಂದೇ ಕುಂಡ ಎಂದು ಕರಾರಾಗಿತ್ತು.

"ಓಕುಸಾನ್, ಘಮ ಬರೋದು ಯಾವುದು?" ಅಜ್ಜಿ ಕೇಳಿದರು. ಓಕುಸಾನ್ ಎಂದರೆ ಮನೆಯೊಡತಿ, ಅಂದರೆ ನಾನು.

ಮೂರು ವಾರ ಹೂವಿನ ಜೊತೆಗಿದ್ದವಳು ಒಮ್ಮೆಯೂ ಮೂಸಿಲ್ಲವೆಂದರೆ ಯಾವ ಜಪಾನೀ ಹೆಂಗಸು ನಂಬುತ್ತಾಳೆ? ಮೂಸಿದ ಹೂವು ದೇವರಿಗೆ ಬರುವುದಿಲ್ಲ ಎಂದು ಸಣ್ಣವಳಿದ್ದಾಗ ಅಮ್ಮನಿಂದ ಏಟು ತಿಂದು ಕಲಿತವಳು ನಾನು. ಅವತ್ತಿನ ಹೂಗಳೆಲ್ಲ ಗಣಪತಿಯ ಪಾದದಲ್ಲಿ ಕಲಸಿಹೋಗಿ ಊದುಬತ್ತಿ ನಾರುತ್ತಿದ್ದವು.

ಬಾಲ್ಕನಿಗೆ ಓಡಿದೆ. ಒಂದು ಕುಂಡದ ಎಲೆಯಡಿ ಅರೆಬಿರಿದ ಒಂದೇ ಒಂದು ಹೂವು ನನ್ನ ಕೈಯಿಂದ ತಪ್ಪಿಸಿಕೊಂಡಿತ್ತು. ಮೂಸಿದೆ. ಏನೋ ಬಂತು. ಮತ್ತೆ ಮೂಸಿದರೆ ಏನೂ ಇಲ್ಲ. ಈ ಹೂವಿನ ಗುಣವೇ ಹಾಗೆ, ಒಮ್ಮೆ ಬಂದು ಮೂಗನ್ನೇ ಮಂಕು ಮಾಡುತ್ತದೆ ಎಂದು ಅಜ್ಜಿಯೇ ಹಿಂದೆ ಹೇಳಿದ್ದರು. ಆದರೆ ಮೊದಲು ಬಂದದ್ದು ಹೂವಿನದೋ, ನನ್ನ ಬೆರಳಿಗಂಟಿದ ಊದುಬತ್ತಿಯದೋ? ಕೆಳಗೆ ಟ್ಯಾಕ್ಸಿ ಕಾಯುತ್ತಿತ್ತು.

"ಇದೇ," ಎಂದೆ.

ಅಜ್ಜಿ ಕುಂಡವನ್ನು ಎದೆಗವಚಿಕೊಂಡು ಸೊಂಟ ಬಗ್ಗಿಸಿ ನಾಲ್ಕು ಸಲ ವಂದಿಸಿದರು. ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳದೆ ನಿಂತದ್ದೇ ಹೆಚ್ಚು. ಉಳಿದ ಕುಂಡ ನನಗೇ ಬಂತು.

ಮರುವರ್ಷ ಅದು ಹೂ ಬಿಟ್ಟಾಗ ಸೋಪಿಲ್ಲದೆ ಕೈ ತೊಳೆದು, ದೇವರ ಕಡೆ ನೋಡದೆ, ಮೂಸಿದೆ. ಘಮ್ಮೆಂದಿತು. ಅಜ್ಜಿಯ ಕೈಗಿತ್ತದ್ದು ಘಮವಿಲ್ಲದ ಕುಂಡ. ಒಸಾಕಾಗೆ ಫೋನ್ ಮಾಡಿ, ಹೂವು ಹೇಗಿದೆ ಅಜ್ಜಿ ಎಂದೆ.

"ನನಗಿನ್ನೂ ಮೂಗು ಬಂದಿಲ್ಲ. ಮೊಮ್ಮಗಳು ದಿನಾ ಮೂಸಿ, ತುಂಬಾ ಘಮ ಅಜ್ಜಿ, ಅಂತಾಳೆ," ಎಂದರು, ಸಂಭ್ರಮದಿಂದ.

ಬೇರು ಬಿಟ್ಟಿದ್ದ ಒಂದು ಕವಲನ್ನು ಹೂ ಸಮೇತ ಬಿಡಿಸಿ, ಒದ್ದೆ ಪೇಪರಿನಲ್ಲಿ ಸುತ್ತಿ, 'ಜೊತೆಗೆ ಇದೂ ಇರಲಿ' ಎಂದಷ್ಟೇ ಬರೆದು ಕೊರಿಯರ್ ಮಾಡಿದೆ. ಆ ವರ್ಷ ಗಣಪತಿಗೆ ಮೂಸಿದ ಹೂವೇ ಸಿಕ್ಕಿತು. ಆತ ತಕರಾರೆತ್ತಲಿಲ್ಲ.

ವಾರದೊಳಗೆ ಅಜ್ಜಿಯ ಫೋನ್ ಬಂತು. ಪೊಟ್ಟಣ ಬಿಚ್ಚಿದ ಕೂಡಲೇ ಮೊಮ್ಮಗಳು ಹೂವಿಗೆ ಮೂಗಿಟ್ಟಳಂತೆ. ಆಮೇಲೆ ಕಣ್ಣರಳಿಸಿ ಹೇಳಿದಳಂತೆ:

"ಅಜ್ಜಿ, ಇದಕ್ಕೆ ನಿಜವಾಗ್ಲೂ ವಾಸನೆ ಇದೆ."