ಲಾಡ್ಜಿನವರಿಗೆ ಬೇಕಾಗಿದ್ದ ಸಾಕ್ಷಿ

“ನಿಮ್ದು ದಾವಣಗೆರೆ ಆಧಾರ್ ಐತೆ. ಲೋಕಲ್ ಜೋಡಿಗೆ ರೂಮ್ ಕೊಡಲ್ರಿ,” ಎಂದರು ಹರಿಹರದ ಲಾಡ್ಜಿನ ಮ್ಯಾನೇಜರ್, ನಮ್ಮಿಬ್ಬರ ನರೆಗೂದಲನ್ನು ಅನುಮಾನದಿಂದ ನೋಡುತ್ತಾ. ಅವರ ಬೆನ್ನ ಹಿಂದಿನ ಬೋರ್ಡಿನಲ್ಲಿ ಅಷ್ಟೂ ಕೀಲಿಗಳು ನೇತಾಡುತ್ತಿದ್ದವು.

ಚಳಿಗಾಲ, ಜನರಿರುವುದಿಲ್ಲ, ಬೆಳಗಿನ ಮಂಜಿನಲ್ಲಿ ಇಲ್ಲಿನ ಹಳೇ ದೇವಸ್ಥಾನದ ಕಂಬಗಳನ್ನು ನೋಡಬೇಕೆಂದು ನನ್ನ ಯಜಮಾನರು ವಾರವಿಡೀ ಮೊಬೈಲಿನಲ್ಲಿ ತಡಕಾಡಿ ಆರಿಸಿದ ಲಾಡ್ಜ್ ಇದು. ಅರ್ಧ ಗಂಟೆ ದಾರಿಯಿಂದ ಬಂದು ರೂಮ್ ಕೇಳುವವರು ಕದ್ದು ಬಂದ ಪ್ರೇಮಿಗಳೇ ಇರಬೇಕು ಎಂಬುದು ಮ್ಯಾನೇಜರರ ಸಂಶೋಧನೆ. ಐವತ್ತೆಂಟರ ಮಂಡಿನೋವಿನಲ್ಲಿ ಇಂಥ ಗೌರವ ಎಷ್ಟು ಜನಕ್ಕೆ ಸಿಗುತ್ತದೆ! ತಾಳಿ ತೋರಿಸಿದೆ. “ತಾಳಿ ಎಲ್ಲಾರೂ ಹಾಕ್ಕೊಂಡೇ ಬರ್ತಾರ್ರಿ,” ಎಂದರು.

ನನಗೆ ರೇಗಿತು. ಯಜಮಾನರತ್ತ ತಿರುಗಿ, “ಒಂದು ಫೋನ್ ಮಾಡಿ ಕೇಳ್ರಿ ಅಂತ ಬಡ್ಕಂಡೆ. ನನ್ ಮಾತು ಯಾವತ್ತು ಕೇಳೀರಿ ನೀವು?” ಎಂದು ಶುರು ಮಾಡಿದೆ. ಅವರು ರೂಢಿಯಂತೆ ಗೋಡೆಯ ಕ್ಯಾಲೆಂಡರ್ ಓದತೊಡಗಿದರು. ಮ್ಯಾನೇಜರ್ ತಟ್ಟನೆ ಕೀಲಿ ತೆಗೆದು ಮುಂದಿಟ್ಟರು. “ಸಾಕ್ರೀ ಅಮ್ಮಾರೆ, ನಂಬಿಕೆ ಬಂತು.”

ಮೂವತ್ತು ವರ್ಷದ ದಾಂಪತ್ಯಕ್ಕೆ ಹೀಗೊಂದು ಮನ್ನಣೆ ಸಿಕ್ಕಿತು. ಈಗ ಮನೆಯಲ್ಲಿ ನಾನು ಬೈಯಲು ಬಾಯಿ ತೆರೆದರೆ ಸಾಕು, ಯಜಮಾನರು ಅಂಗೈ ಚಾಚಿ ಕೀಲಿ ಕೇಳುತ್ತಾರೆ.