ರಜೆಯ ಕನ್ನಡ

ಮಗಳು ಹೊಸ ಹೆಡ್‌ಫೋನ್ ತಂದಿದ್ದಾಳೆ, ಕಿವಿಯನ್ನು ಪೂರ್ತಿ ಮುಚ್ಚುವಂಥದು. ಅವಳು ಸ್ನಾನಕ್ಕೆ ಹೋದಾಗ ಸುಮ್ಮನೆ ಹಾಕಿಕೊಂಡು ನೋಡಿದೆ. ರಾಣೆಬೆನ್ನೂರಿನ ನಮ್ಮ ಬೀದಿಯ ಗದ್ದಲವೆಲ್ಲ ಒಮ್ಮೆಲೇ ದೂರ ಸರಿಯಿತು. ಜನ್ಮವಿಡೀ ಶಾಲೆ ಮಕ್ಕಳ ಕಿರುಚಾಟ ಕೇಳಿದ ಕಿವಿಗೆ ಇದೊಂದು ಪಿಂಚಣಿಯ ಹಾಗೆ ಎಂದುಕೊಂಡೆ. ಅಷ್ಟರಲ್ಲಿ ಅಣ್ಣನ ನೆನಪಾಗಿ ತೆಗೆದಿಟ್ಟೆ. ಅವನ ಇಡೀ ನೌಕರಿ ಇಂಥದೊಂದರ ಒಳಗೇ ಕಳೆದುಹೋಯಿತು.

ಅಣ್ಣ ಸೈನ್ಯದ ಗುಪ್ತಚರ ವಿಭಾಗದಲ್ಲಿ ಅಧಿಕಾರಿಯಾಗಿದ್ದ. ಇದು ನನಗೆ ತಿಳಿದದ್ದು ಅವನು ನಿವೃತ್ತನಾದ ಎಷ್ಟೋ ದಿನಗಳ ಮೇಲೆ. ಅಲ್ಲಿಯವರೆಗೆ ಯಾರು ಕೇಳಿದರೂ ಆಫೀಸಿನಲ್ಲಿ ಕೂರುವ ಕೆಲಸ ಎನ್ನುತ್ತಿದ್ದ. ತವರೂರು ಬ್ಯಾಡಗಿಯ ನಮ್ಮ ಓಣಿಯವರಿಗೆ ಭಾರೀ ನಿರಾಸೆ. ಬಂದೂಕಿಲ್ಲ, ಗುಂಡಿಲ್ಲ, ಇದೆಂಥ ಮಿಲಿಟರಿ? ಉಗ್ರಾಣದಲ್ಲಿ ಅಕ್ಕಿ-ಬೇಳೆ ನೋಡಿಕೊಳ್ಳುತ್ತಾನೇನೋ ಎಂದು ಆಡಿಕೊಂಡರು. ಖರೇ ಹೇಳಬೇಕೆಂದರೆ ನನಗೂ ಅದೇ ಅನುಮಾನವಿತ್ತು.

ನಮ್ಮ ಮನೆಯ ಮಾತು ಉರ್ದು. ಹೊಸ್ತಿಲು ದಾಟಿದರೆ ಕನ್ನಡ. ಒಮ್ಮೆ ರಜೆಗೆ ಬಂದ ಅಣ್ಣ ಅಮ್ಮಿ ಉರ್ದುವಿನಲ್ಲಿ ಕೇಳಿದ್ದಕ್ಕೆಲ್ಲ ಕನ್ನಡದಲ್ಲೇ ಉತ್ತರ ಕೊಟ್ಟ. ಯಾಕೆಂದು ಅವನು ಹೇಳಲಿಲ್ಲ, ಅಮ್ಮಿಯೂ ಕೇಳಲಿಲ್ಲ. ಅವನು ಹೋದ ಮೇಲೆ ಅಮ್ಮಿ ನನ್ನನ್ನು ಒಳಗೆ ಕರೆದು, ಸೈನ್ಯದಲ್ಲಿ ನಮ್ಮ ಮಾತು ಆಡಿದರೆ ಅನುಮಾನ ಪಡುತ್ತಾರೆ ಅಂತ ಕಾಣುತ್ತದೆ, ನಮ್ಮಿಂದ ಹುಡುಗನ ನೌಕರಿಗೆ ಕುತ್ತು ಬರಬಾರದು, ಇನ್ನು ಅವನ ಮುಂದೆ ಕನ್ನಡವೇ ಎಂದಳು. ಅವಳು ಒಮ್ಮೆ ತೀರ್ಮಾನ ಮಾಡಿದರೆ ಮುಗಿಯಿತು.

ಅಮ್ಮಿಗೆ ಬರುತ್ತಿದ್ದ ಕನ್ನಡ ತರಕಾರಿ ಕೊಳ್ಳುವಷ್ಟು. ನಾನು ಕನ್ನಡ ಶಿಕ್ಷಕಿ, ಕಲಿಸುತ್ತೇನೆಂದು ಹುಮ್ಮಸ್ಸಿನಿಂದ ಕೂತೆ. ಸಂಧಿ, ಸಮಾಸ ಶುರು ಮಾಡಿದ್ದೇ ತಡ, ಅಮ್ಮಿ ಎದ್ದು ಹೋದಳು. ಪಕ್ಕದ ಮನೆಯ ನೀಲವ್ವನ ಅಂಗಳದಲ್ಲಿ ಹೆಂಗಸರ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ, ಸೀನುತ್ತ, ಬೇಕಾದಷ್ಟು ಕಲಿತಳು. ಆಮೇಲೆ ಅಣ್ಣನ ರಜೆಯ ಸುದ್ದಿ ಬಂತೆಂದರೆ ಮನೆಯಲ್ಲಿ ಉರ್ದು ಬಂದ್. ಕೋಳಿಗಳನ್ನೂ ಕನ್ನಡದಲ್ಲೇ ಬೈಯಬೇಕು. ನೀಲವ್ವ ಕಲಿಸಿದ್ದು ಮರ್ಯಾದೆಯ ಕನ್ನಡ. ಹೀಗಾಗಿ ಅಮ್ಮಿ ಹೆತ್ತ ಮಗನಿಗೆ 'ಬರ್ರಿ, ಕುಂದ್ರಿ, ಚಾ ಕುಡೀರಿ' ಎನ್ನುತ್ತಿದ್ದಳು. ಅವನೂ ಬೀಗರ ಮನೆಗೆ ಬಂದವನ ಹಾಗೆ ಚಾ ಕುಡಿದು ಲೋಟ ಕೆಳಗಿಡುತ್ತಿದ್ದ. ನಾವೆಲ್ಲ ಒಳಗೆ ಹೋಗಿ ನಗುತ್ತಿದ್ದೆವು. ಈಗ ನೆನೆದರೆ ಸಂಕಟವಾಗುತ್ತದೆ.

ಈ ಬೇಸಿಗೆಯಲ್ಲಿ ಅಮ್ಮಿಗೆ ಲಕ್ವಾ ಹೊಡೆಯಿತು. ಹಾವೇರಿಯ ಆಸ್ಪತ್ರೆಯಲ್ಲಿ ಕೆಲವು ದಿನಗಳ ಮೇಲೆ ಮಾತು ತಿರುಗಿ ಬಂತು, ಆದರೆ ಉರ್ದು ಮಾತ್ರ. ಅಷ್ಟು ಕಷ್ಟಪಟ್ಟು ಕಲಿತ ಕನ್ನಡ ಒಂದಕ್ಷರ ಉಳಿದಿರಲಿಲ್ಲ. ನನ್ನ ಜೊತೆ ಮೆಲ್ಲಗೆ ಮಾತಾಡುತ್ತಿದ್ದಳು. ಅಣ್ಣ ಒಳಗೆ ಬಂದರೆ ತುಟಿ ಬಿಗಿದುಬಿಡುತ್ತಿದ್ದಳು. ನಿವೃತ್ತನಾದರೂ ಸರ್ಕಾರದವರ ಕಣ್ಣು ಅವನ ಮೇಲೆ ಇದ್ದೇ ಇರುತ್ತದೆ ಎಂಬುದು ಅವಳ ನಂಬಿಕೆ. ಅಮ್ಮಿಗೆ ಬಾಯೇ ಬಿದ್ದಿದೆ ಎಂದು ಅಣ್ಣ ತಿಳಿದಿದ್ದ. ಇನ್ನೊಂದು ಸಲ ಹೊಡೆದರೆ ಇಷ್ಟು ಮಾತೂ ಇರುವುದಿಲ್ಲ ಎಂದು ಡಾಕ್ಟರರು ನನಗೆ ಹೇಳಿದ್ದರು.

ದಿನಾ ಬಸ್ಸಿನಲ್ಲಿ ಓಡಾಡಿ ನನಗೆ ಸಾಕುಸಾಕಾಗಿತ್ತು. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಅಣ್ಣನ ಮೇಲೆ ರೇಗಿಬಿಟ್ಟೆ. "ಅಣ್ಣಾ, ಒಂದ್ ಸಲರೆ ನಮ್ಮ ಭಾಷಾದಾಗ ಅಮ್ಮೀನ ಮಾತಾಡಸು. ಯಾಕ ಒಲ್ಲಿ?"

ಅವನು ಅಂದೇ ಮೊದಲ ಸಲ ಬಾಯಿಬಿಟ್ಟ. ಗಡಿಯ ಆಚೆಯವರು ಆಡುವ ಮಾತು ಕೇಳುವುದೇ ಅವನ ಕೆಲಸವಾಗಿತ್ತು. ಅವನ ಉರ್ದು ನೋಡಿಯೇ ಆ ವಿಭಾಗಕ್ಕೆ ಆರಿಸಿಕೊಂಡಿದ್ದರು. ಅಲ್ಲಿನವರೇನು ಬರೀ ಯುದ್ಧದ ಮಾತಾಡುತ್ತಾರೆಯೇ? ಮೊಣಕಾಲು ನೋವು, ತಂಗಿಯ ಮದುವೆ, ಎಮ್ಮೆ ಕರು ಹಾಕಿದ್ದು.

"ಒಬ್ಬ ಹುಡುಗ ಅವರ ಅಮ್ಮಿಗೆ ಫೋನಿನಾಗ, ಹಬ್ಬಕ್ಕ ಬರಾಕ ಆಗೂದಿಲ್ಲ ಅಂದ. ಅಷ್ಟರ ಮ್ಯಾಲೆ ಅವರ ತುಕಡಿ ಮುಂದಕ್ಕ ಹೊಂಟೈತಿ ಅಂತ ನಾ ಗುರ್ತ ಹಿಡದೆ. ಸಾಹೇಬ್ರು ಬೆನ್ನು ತಟ್ಟಿದ್ರು. ಆ ಹುಡುಗನ ದನಿ ಮತ್ತ ಕೇಳಿಸಲಿಲ್ಲ."

ಏನಾಯಿತೆಂದು ಕೇಳಿದೆ. ಮಾತು ಕೇಳಿಸಿಕೊಂಡವರಿಗೆ ಮುಂದೇನಾಯಿತೆಂದು ಮೇಲಿನವರು ಹೇಳುವುದಿಲ್ಲವಂತೆ.

"ಅಮ್ಮಿ ಉರ್ದುದಾಗ ಉಂಡೇನು ಅಂದ್ರೂ, ಅದರಾಗ ಏನು ಅಡಗೈತಿ ಅಂತ ತಲಿ ಹುಡುಕಾಕ ಹತ್ತತೈತಿ ತಂಗಿ. ನನಗ ಸಾಕಾಗೈತಿ."

ಆಗ ನಾನು ಅಮ್ಮಿಯ ಕನ್ನಡದ ಕಥೆ ಹೇಳಿದೆ. ನೀಲವ್ವನ ಅಂಗಳ, ಮನೆಯಲ್ಲಿ ಉರ್ದು ಬಂದ್, ಈಗ ಬಿಗಿದ ತುಟಿ, ಎಲ್ಲ. ಅಣ್ಣ ನನ್ನನ್ನೇ ನೋಡಿದ. ಊರೂರಿನ ಗುಟ್ಟು ಬಿಡಿಸಿದ ಮನುಷ್ಯ! "ಅಕಿಗೆ ಕನ್ನಡ ಸೇರತೈತಿ ಅಂತ ತಿಳಕೊಂಡಿದ್ದೆ" ಎಂದ. ಇಬ್ಬರ ಮೇಲೂ ನನಗೆ ಕೆಟ್ಟ ಸಿಟ್ಟು ಬಂತು, ಅಳುವೂ ಬಂತು.

ಒಳಗೆ ಹೋಗಿ ಅಣ್ಣ ಅಮ್ಮಿಯ ಮಂಚದ ಅಂಚಿಗೆ ಕೂತ. ಬಾಯಿ ತೆರೆಯುವುದು, ಮುಚ್ಚುವುದು. ಕೊನೆಗೆ ಸಣ್ಣ ದನಿಯಲ್ಲಿ, "ಅಮ್ಮಿ, ಡರೋ ನಕ್ಕೋ. ಬೋಲೋ" ಎಂದ. ಹೆದರಬೇಡ, ಮಾತಾಡು. ಅಮ್ಮಿ ಅವನನ್ನು ನೋಡಿದಳು, ಕಿಟಕಿಯ ಕಡೆ ನೋಡಿದಳು. ಆಮೇಲೆ ಸ್ವಾಧೀನವಿದ್ದ ಕೈ ಎತ್ತಿ, ಬಾಗಿಲು ಹಾಕು ಎಂದು ನನಗೆ ಸನ್ನೆ ಮಾಡಿದಳು. ಯಾರಾದರೂ ಕೇಳಿಸಿಕೊಂಡಾರು ಎಂದು.

ಈಗ ಅಮ್ಮಿ ಬ್ಯಾಡಗಿಯ ಮನೆಗೆ ಬಂದಿದ್ದಾಳೆ. ಮಧ್ಯಾಹ್ನ ನಾನು ಹೋದಾಗ ಕೋಣೆಯ ಬಾಗಿಲು ಹಾಕಿರುತ್ತದೆ. ಒಳಗಿಂದ ಅವಳ ದನಿ, ನಡುನಡುವೆ ಅವನದು. ತಾಯಿ-ಮಗ ಅಷ್ಟೊತ್ತು ಏನು ಮಾತಾಡುತ್ತಾರೆ ಎಂದು ನೀಲವ್ವ ನನ್ನನ್ನು ಕೇಳುತ್ತಾಳೆ. ನನಗೆ ಗೊತ್ತಿಲ್ಲ. ನಾನು ಕಟ್ಟೆಯ ಮೇಲೆ ಕೂತಿರುತ್ತೇನೆ, ಬಾಗಿಲಿನಿಂದ ಸಾಕಷ್ಟು ದೂರ. ನಮ್ಮ ಮನೆತನದಲ್ಲಿ ಕದ್ದು ಕೇಳುವ ಕೆಲಸ ಒಬ್ಬ ಮಾಡಿದ್ದೇ ಸಾಕು.